ಎರಡು ಲೋಟ ನೀರು, ಒಂದು ತೊಟ್ಟಿಲು

ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳೆಂದರೆ ಮನೆಯವರಿಗೆ ಮೊದಲು ನೆನಪಾಗುವುದು ಯಾವುದು ಹೇಳಿ? ಅಟ್ಟದ ಮೇಲಿನ ತೊಟ್ಟಿಲು! ಅದನ್ನು ಇಳಿಸುತ್ತಾರೆ, ಜೇಡರ ಬಲೆ ತೆಗೆಯುತ್ತಾರೆ, ಹಳೇ ಬಣ್ಣ ಉಜ್ಜುತ್ತಾರೆ, ಹೊಸ ಬಣ್ಣ ಬಳಿಯುತ್ತಾರೆ. ಪ್ರೀತಿಯಿಂದ ಮಾಡುವ ಕೆಲಸ. ಇದರಲ್ಲಿ ತಪ್ಪೇನು ಬಂತು ಎಂದು ಮೊದಲು ನಾನೂ ಅಂದುಕೊಂಡವಳೇ.

ನಾನು ಗ್ಯಾನಮ್ಮ, ಮಸ್ಕಿಯಲ್ಲಿ ಆಶಾ ಕಾರ್ಯಕರ್ತೆ. ನನ್ನ ಬಾಯಿ ಸ್ವಲ್ಪ ಜೋರು, ಅದು ಓಣಿಗೆಲ್ಲ ಗೊತ್ತು.

ಹೋದ ವರ್ಷ ನಮ್ಮ ಓಣಿಯ ವಿರೂಪಾಕ್ಷಪ್ಪನ ಮಗಳು ಸುರೇಖಾ ಲಿಂಗಸುಗೂರಿನ ಗಂಡನ ಮನೆಯಿಂದ ಬಂದಿದ್ದಳು. ಅವಳಿಗೆ ಏಳು ತಿಂಗಳು. ಕಬ್ಬಿಣದ ಗುಳಿಗೆ ಕೊಡೋಣವೆಂದು ಹೋದೆ. ಪಡಸಾಲೆ ತುಂಬಾ ಧೂಳು. ನಡುವೆ ತೊಟ್ಟಿಲು ಇಟ್ಟುಕೊಂಡು ವಿರೂಪಾಕ್ಷಪ್ಪ ಸ್ಯಾಂಡ್ ಪೇಪರಿನಿಂದ ಕರಕರ ಉಜ್ಜುತ್ತಿದ್ದ. ಅವನ ಬಿಳಿ ಮೀಸೆ ಹಸಿರಾಗಿತ್ತು. ಸುರೇಖಾ ಅಲ್ಲೇ ಗೋಡೆಗೆ ಒರಗಿ ಮಂಡಕ್ಕಿ ತಿನ್ನುತ್ತಿದ್ದಳು. ಮಂಡಕ್ಕಿಯ ಮೇಲೂ ಹಸಿರು ಪುಡಿ ಬಿದ್ದಿತ್ತು.

"ಅಯ್ಯ ಶಿವನೇ! ಏನ್ ಮಾಡಾಕತ್ತೀ ಅಣ್ಣಾ? ಬಸುರಿ ಹುಡುಗಿ ಮುಂದ ಕುಂತಾಳ!"

"ಕಣ್ಣಿಗೆ ಕಾಣಂಗಿಲ್ಲೇನು ಗ್ಯಾನಮ್ಮ? ಮೊಮ್ಮಗೂನ ತೊಟ್ಟಿಲಾ ಸಿಂಗಾರ ಮಾಡಾಕತ್ತೀನಿ."

"ಅದನ್ನ ಅಂಗಳದಾಗ ಮಾಡಬಾರದೇನು?"

ಅಡುಗೆಮನೆಯಿಂದ ಅವನ ಹೆಂಡತಿ ಗದ್ದೆಮ್ಮ ಕೂಗಿದಳು. "ಖಾಲಿ ತೊಟ್ಟಿಲಾ ಹೊಸ್ತಿಲ ದಾಟಬಾರದವ್ವ! ಹೆಸರಿಡೋ ತನಕ ಒಳಗ ಇರಬೇಕು."

ನಾನು ಸುರೇಖಾಳ ಕೈ ಹಿಡಿದು ಹೊರಗೆ ಕಟ್ಟೆಗೆ ಕರೆದುಕೊಂಡು ಹೋದೆ. ಮಂಡಕ್ಕಿ ಚೆಲ್ಲಿಸಿ, ಕೈ ಬಾಯಿ ತೊಳೆಸಿದೆ. ಆಮೇಲೆ ಸಿಂಧನೂರಿನ ತರಬೇತಿಯಲ್ಲಿ ಕಲಿತದ್ದನ್ನು ಬಾಗಿಲಲ್ಲೇ ನಿಂತು ಹೇಳಿದೆ.

"ಅಣ್ಣಾ, ಹಳೇ ಎಣ್ಣಿ ಬಣ್ಣದಾಗ ಸೀಸ ಬೆರೆಸ್ತಿದ್ರು. ಒಣಾ ಉಜ್ಜಿದ್ರ ಅದು ಧೂಳಾಗಿ ಏಳ್ತೈತಿ. ಉಸಿರಿನಾಗ ಹೋಗ್ತೈತಿ, ಉಣ್ಣೋದರ ಮ್ಯಾಲೆ ಬೀಳ್ತೈತಿ. ತಾಯಿ ರಕ್ತದಿಂದ ಹೊಟ್ಯಾಗಿನ ಕೂಸಿಗೆ ಮುಟ್ತೈತಿ. ಕೂಸಿನ ಮಿದುಳು ಬೆಳೆಯೋ ಹೊತ್ತಿನಾಗ ಅದು ಭಾಳ ಕೆಟ್ಟದ್ದು. ಉಜ್ಜಲೇಬೇಕಂದ್ರ ಹೊರಗ ಒಯ್ದು ನೀರು ಹಚ್ಚಿ ಉಜ್ಜು."

ವಿರೂಪಾಕ್ಷಪ್ಪ ನಕ್ಕುಬಿಟ್ಟ. "ಇದೇ ತೊಟ್ಟಿಲಾಗ ನಾ ಮಲಗೀನಿ, ನನ್ನ ಮಗಳು ಮಲಗ್ಯಾಳ. ನಮಗೇನಾಗೈತಿ? ಅದೂ ಇರಲಿ. ನೀರು ಹಚ್ಚಿದ್ರ ಈ ಪೇಪರ್ ಉಳಿತೈತೇನು? ದಢೇಸುಗೂರಾಗ ನಮ್ಮ ಅಕ್ಕನ ಮನಿ ಬಾಗಲಾ ತೋಯಿಸಿ ಉಜ್ಜಾಕ ಹೋಗಿದ್ದೆ. ಪೇಪರ್ ಅಂಬಲಿ ಆತು! ಉಸುಕೆಲ್ಲಾ ಅಂಗೈಗೆ ಬಂತು. ನೀವು ಬರೇ ಹೇಳಾಕ ಬರ್ತೀರಿ, ಮಾಡೋರ ಕಷ್ಟ ಮಾಡೋರಿಗೇ ಗೊತ್ತು."

ಆ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ. ಪೇಪರು ಯಾಕೆ ಅಂಬಲಿಯಾಯಿತು ಎಂದು ತರಬೇತಿಯಲ್ಲಿ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ನಾಚಿಕೆಯಾಯಿತು, ನಿಜ ಹೇಳುತ್ತೇನೆ. ಆದರೆ ಆ ಹುಡುಗಿಯ ಹೊಟ್ಟೆ ನೋಡಿ ಸುಮ್ಮನೆ ಮನೆಗೆ ಹೋಗಲು ಮನಸ್ಸು ಬರಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ಬುಡ್ಡೇಸಾಬ್ ಅವರ ಬಣ್ಣದ ಅಂಗಡಿ ಇದೆ. ಅವರು ಪುಣೆ ಕಡೆಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಇದೇ ಸ್ಯಾಂಡ್ ಪೇಪರ್ ಮಾಡಿ ಊರಿಗೆ ಬಂದವರು. ಮಾತು ಕಡಿಮೆ. ನಾನು ಅಲ್ಲಿಗೆ ಹೋಗಿ ಪೇಪರು ಯಾಕೆ ಅಂಬಲಿಯಾಯಿತೆಂದು ಕೇಳಿದ್ದೇ ತಡ, ಅಂಗಡಿಯ ಶಟರ್ ಎಳೆದು, ಚೀಲದಲ್ಲಿ ನಾಲ್ಕು ಹಾಳೆ ಹಾಕಿಕೊಂಡು ನನ್ನ ಹಿಂದೆಯೇ ಬಂದರು.

"ಇಪ್ಪತ್ತು ವರ್ಷ ಏನ್ ಮಾಡಿದಿ ಅಂತ ಈ ಊರಾಗ ಯಾರೂ ಕೇಳಿರಲಿಲ್ಲವ್ವ," ಅಂದರು.

ಬಂದವರೇ ವಿರೂಪಾಕ್ಷಪ್ಪನ ಕೈಯಲ್ಲಿದ್ದ ಪೇಪರು ತೆಗೆದುಕೊಂಡು ಬೆನ್ನು ನೋಡಿದರು. "ವಿರೂಪಾಕ್ಷಪ್ಪ ಹೇಳೋದು ಖರೆ ಐತಿ. ಇದು ನೀರಿಗೆ ತಡೆಯಂಗಿಲ್ಲ. ತಂಗೀ ಗದ್ದೆಮ್ಮ, ಎರಡು ಲೋಟದಾಗ ಬೆಚ್ಚನ ನೀರು ತಾ."

ಒಂದು ಲೋಟದಲ್ಲಿ ವಿರೂಪಾಕ್ಷಪ್ಪನ ಪೇಪರಿನ ಚೂರು ಹಾಕಿದರು. ಇನ್ನೊಂದರಲ್ಲಿ ತಾವು ತಂದ ಕಪ್ಪು ಪೇಪರಿನ ಚೂರು. "ಇವು ನೆನೀಲಿ. ಅಲ್ಲೀ ತನಕ ಚಾ ಮಾಡು."

ಚಹಾ ಕುದಿಯುವಷ್ಟರಲ್ಲಿ ನಾವು ಉಳಿದವರೆಲ್ಲ ಕಟ್ಟೆಯ ಮೇಲೆ ಕುಳಿತೆವು. ಬುಡ್ಡೇಸಾಬ್ ಹೇಳಿದರು.

"ಇದರ ಮ್ಯಾಲೆ ಇರೋದು ಹಳ್ಳದ ಉಸುಕಲ್ಲ. ಭಟ್ಟಿಯಾಗ ಕಾಯಿಸಿ ಮಾಡಿದ ಗಟ್ಟಿ ಕಲ್ಲು. ಅದನ್ನ ಒಡದು ಜರಡಿ ಹಿಡೀತೀವಿ. ಹಿಟ್ಟಿಗೆ ಒಂದು ಜರಡಿ, ರವಾಕ್ಕ ಒಂದು ಜರಡಿ ಇಲ್ಲೇನು, ಹಂಗ. ಬೆನ್ನ ಮ್ಯಾಲಿನ ನಂಬರು ಅದೇ. ಎಂಬತ್ತು ಅಂದ್ರ ದಪ್ಪ, ನಾಕ್ನೂರು ಅಂದ್ರ ಸಣ್ಣ. ಆಮ್ಯಾಲೆ ಪೇಪರಿನ ದೊಡ್ಡ ಸುರುಳಿ ಮಿಷನ್ನಿನಾಗ ಓಡ್ತೈತಿ. ಅದಕ್ಕ ಅಂಟು ಬಳಿತೈತಿ. ಕಾಳು ಮ್ಯಾಲಿಂದ ಉದುರಸಂಗಿಲ್ಲ, ಕೆಳಗಿಂದ ಹಾರ್ತಾವ."

"ಹಾರ್ತಾವ? ಕಲ್ಲಿಗೂ ರೆಕ್ಕಿ ಬಂದ್ವೇನು?" ಗದ್ದೆಮ್ಮ ಒಳಗಿಂದಲೇ ಕೇಳಿದಳು.

ಬುಡ್ಡೇಸಾಬ್ ಗೋಡೆಯ ಗೂಡಿನಲ್ಲಿದ್ದ ಪ್ಲಾಸ್ಟಿಕ್ ಬಾಚಣಿಕೆ ತೆಗೆದು ತಮ್ಮ ತಲೆಗೆ ತಿಕ್ಕಿ, ಕಾಗದದ ಚೂರುಗಳ ಮೇಲೆ ಹಿಡಿದರು. ಚೂರುಗಳು ಟಣ್ಣನೆ ಎದ್ದು ಬಾಚಣಿಕೆಗೆ ಅಂಟಿದವು. ಸುರೇಖಾ ಚಪ್ಪಾಳೆ ಹೊಡೆದಳು.

"ಹಿಂಗ! ಅಲ್ಲಿ ಕರೆಂಟಿನಿಂದ ಮಾಡ್ತಾರ. ಕಾಳು ನೆಟ್ಟಗ ನಿಂತು ಹಾರಿ ಅಂಟಿಗೆ ಕೂಡ್ತಾವ, ಚೂಪು ತುದಿ ಹೊರಗ. ಒಣಗಿದ ಮ್ಯಾಲೆ ಇನ್ನೊಂದು ಸಲ ಅಂಟು ಬಳಿದು, ಬಿಸಿ ಕೋಣ್ಯಾಗ ಬೇಯಿಸಿ, ಹಾಳಿ ಕತ್ತರಿಸ್ತಾರ. ಎಲ್ಲಾ ಆಟ ಅಂಟಿಂದು ತಮ್ಮಾ. ನಿನ್ನ ಪೇಪರಿಂದು ತೊಗಲು, ಎಲುಬು ಕುದಿಸಿ ಮಾಡಿದ ಅಂಟು, ನೀರು ಕಂಡ್ರ ಕರಗ್ತೈತಿ. ನಾ ತಂದ ಈ ಕಪ್ಪು ವಾಟರ್ ಪೇಪರಿಂದು ರಾಳದ ಅಂಟು, ಹಾಳೀನೂ ನೀರು ಕುಡಿಯಂಗಿಲ್ಲ."

ಚಹಾ ಕುಡಿದು ಚೂರು ಹೊರತೆಗೆದರು. ವಿರೂಪಾಕ್ಷಪ್ಪ ಹೆಬ್ಬೆರಳಿನಿಂದ ತನ್ನ ಪೇಪರು ತಿಕ್ಕಿದ. ಕಾಳೆಲ್ಲ ಜಾರಿ ಬೆರಳಿಗೆ ಬಂತು. ಕಪ್ಪು ಪೇಪರು ಎಷ್ಟು ತಿಕ್ಕಿದರೂ ಜಪ್ಪಯ್ಯ ಅನ್ನಲಿಲ್ಲ.

"ಆತು ಬಿಡಪಾ," ಅಂದ. "ವಾಟರ್ ಪೇಪರ್ ತರ್ತೀನಿ. ಆದ್ರ ಇಷ್ಟಕ್ಕೆಲ್ಲಾ ಹೆದರಬೇಕೇನು?"

ಸುರೇಖಾಳನ್ನು ಬಾಗಿಲಾಚೆಯೇ ನಿಲ್ಲಿಸಿ, ನಾನು ಪಡಸಾಲೆಗೆ ಹೋಗಿ ಎಲ್ಲರೂ ನೋಡುವಂತೆ ತೊಟ್ಟಿಲ ಮೇಲ್ಪಟ್ಟಿಯ ಮೇಲೆ ಕೈ ಆಡಿಸಿದೆ. ಒಂದು ಕಡೆ ಸಾಲಾಗಿ ಸಣ್ಣ ಕುಳಿಗಳು ಸಿಕ್ಕವು. ಅಲ್ಲಿ ಬಣ್ಣವೇ ಇರಲಿಲ್ಲ. ಅಂಚಿನಲ್ಲಿ ಹಸಿರು, ಹಳದಿ, ಕೆಂಪು, ಪದರ ಪದರ ಕಾಣುತ್ತಿತ್ತು.

ಗದ್ದೆಮ್ಮನ ಮುಖ ಅರಳಿತು. "ಅವು ನಮ್ಮ ಸುರೇಖಾನ ಹಲ್ಲು! ಹಲ್ಲು ಬರೋ ಮುಂದ ದಿನಾ ಕಡೀತಿದ್ಳು."

ಬುಡ್ಡೇಸಾಬ್ ಮೆಲ್ಲಗೆ ಕೇಳಿದರು. "ಅಲ್ಲಿದ್ದ ಬಣ್ಣ ಎಲ್ಲಿ ಹೋತು ತಂಗೀ?"

ಸುರೇಖಾಳೇ ನಗುತ್ತಾ ಅಂದಳು, "ನನ್ನ ಹೊಟ್ಯಾಗ ಕಾಕಾ. ಅದಕ್ಕ ನನಗ ಲೆಕ್ಕ ತಲಿಗೆ ಹತ್ತಲಿಲ್ಲ ಕಾಣ್ತೈತಿ!"

ಅವಳೊಬ್ಬಳೇ ನಕ್ಕಳು. ವಿರೂಪಾಕ್ಷಪ್ಪ ಕೈಯಲ್ಲಿದ್ದ ಪೇಪರು ಕೆಳಗಿಟ್ಟ. ಲೆಕ್ಕ ಬರಲಿಲ್ಲವೆಂದು ಈ ಮಗಳನ್ನು ಅವನು ಎಷ್ಟು ಬೈದಿದ್ದನೆಂಬುದು ಓಣಿಗೆಲ್ಲ ಗೊತ್ತು. ಅವನ ಕಣ್ಣಲ್ಲಿ ನೀರು ಬಂತು.

"ನನಗ ಗೊತ್ತಿರಲಿಲ್ಲ ನನ್ನವ್ವಾ."

ನಾನು ಅವನ ಹತ್ತಿರ ಕುಳಿತು ಅಂದೆ. "ಅಣ್ಣಾ, ಲೆಕ್ಕ ಬರದಿದ್ದು ಬಣ್ಣದಿಂದನ ಅಂತ ಯಾರಿಗೂ ಹೇಳಾಕ ಆಗಂಗಿಲ್ಲ. ಆಗ ಯಾರಿಗೂ ಗೊತ್ತಿರಲಿಲ್ಲ. ಈಗ ಗೊತ್ತಾಗೈತಲ್ಲ, ಅಷ್ಟು ಸಾಕು."

ಅವನು ಎದ್ದ. "ಹೊರಗ ಒಯ್ತೀನಿ ಇದನ್ನ." ಎಂದವನು ಹೊಸ್ತಿಲ ಹತ್ತಿರ ನಿಂತು ಹೆಂಡತಿಯ ಮುಖ ನೋಡಿದ.

ಗದ್ದೆಮ್ಮ ಒಳಗೆ ಹೋಗಿ ಖಾರ ಅರೆಯುವ ಗುಂಡುಕಲ್ಲು ತೊಳೆದು ತಂದಳು, ಅರಿಷಿಣ ಹಚ್ಚಿ ತೊಟ್ಟಿಲಲ್ಲಿ ಮಲಗಿಸಿದಳು. ಹೆಸರಿಡುವ ದಿನ ನಮ್ಮಲ್ಲಿ ಕೂಸಿಗಿಂತ ಮೊದಲು ಈ ಗುಂಡುಕಲ್ಲಿನ ಗುಂಡಪ್ಪನೇ ತಾನೇ ತೊಟ್ಟಿಲಲ್ಲಿ ಮಲಗುವುದು!

"ಈಗ ಖಾಲಿ ಇಲ್ಲ. ಒಯ್ಯಿರಿ," ಅಂದಳು.

ಸುರೇಖಾ ಮೂರು ದಿನ ನಮ್ಮ ಮನೆಯಲ್ಲಿದ್ದಳು. ಧೂಳಿನ ಸಂಗತಿಯನ್ನು ಅವಳ ಡಾಕ್ಟರಿಗೂ ಹೇಳಿಸಿದೆ. ಗದ್ದೆಮ್ಮ ಪಡಸಾಲೆಯನ್ನು ಕಸಬರಿಗೆ ಮುಟ್ಟಿಸದೆ ಒದ್ದೆ ಬಟ್ಟೆಯಿಂದಲೇ ಒರೆಸಿದಳು. ವಿರೂಪಾಕ್ಷಪ್ಪ ಮುಖಕ್ಕೆ ಮಾಸ್ಕ್ ಕಟ್ಟಿ, ಬಣ್ಣ ಎದ್ದ ಕಡೆ ಮಾತ್ರ ತೋಯಿಸಿ ಉಜ್ಜಿದ. ರಾಡಿಯನ್ನು ಬಟ್ಟೆಯಿಂದ ಬಳಿದು ಚೀಲದಲ್ಲಿ ಕಟ್ಟಿದ. ಸೀಸ ಬೆರೆಸಿಲ್ಲ ಎಂದು ಬರೆದ ಡಬ್ಬಿ ನೋಡಿ ಬಣ್ಣ ತಂದ. ಕೂಸು ಕಡಿಯುವ ಮೇಲ್ಪಟ್ಟಿಗಳನ್ನು ಮಾತ್ರ ತೆಗೆಸಿ, ಹೊಸ ಸಾಗವಾನಿ ಪಟ್ಟಿ ಕೂಡಿಸಿದ. ಅದಕ್ಕೆ ಯಾವ ಬಣ್ಣವೂ ಇಲ್ಲ. ಮಗಳ ಹಲ್ಲಿನ ಗುರುತಿದ್ದ ಹಳೇ ಪಟ್ಟಿಯನ್ನು ಗದ್ದೆಮ್ಮ ಬಿಸಾಡಲು ಬಿಡಲಿಲ್ಲ. ಹಾಳೆ ಸುತ್ತಿ, ಯಾರ ಕೈಗೂ ಸಿಗದಂತೆ ಅಟ್ಟಕ್ಕೆ ಹಾಕಿದಳು.

ಸುರೇಖಾಳಿಗೆ ಹೆಣ್ಣು ಕೂಸು. ಮೊನ್ನೆ ಅವಳು ತವರಿಗೆ ಬಂದಾಗ ಕೂಸಿಗೆ ಎರಡು ಹಲ್ಲು ಬಂದಿದ್ದವು. ತೊಟ್ಟಿಲಲ್ಲಿ ಎದ್ದು ಕುಳಿತು ಹೊಸ ಪಟ್ಟಿಯನ್ನು ಕರಕರ ಕಡಿಯುತ್ತಿತ್ತು. ವಿರೂಪಾಕ್ಷಪ್ಪ ಎದುರಿಗೆ ಕುಳಿತು, "ಕಡಿ ನನ್ನವ್ವ, ಎಷ್ಟ ಬೇಕೋ ಅಷ್ಟು ಕಡಿ," ಅನ್ನುತ್ತಿದ್ದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಹಳೇ ತೊಟ್ಟಿಲಿದ್ದರೆ ಇವತ್ತೇ ಅದರ ಪಟ್ಟಿಯ ಮೇಲೆ ಕೈ ಆಡಿಸಿ ನೋಡಿ. ಒಣ ಪೇಪರು ಮುಟ್ಟಬೇಡಿ. ಬಸುರಿಯನ್ನೂ ಮಕ್ಕಳನ್ನೂ ದೂರ ಕಳಿಸಿ, ಹೊರಗೆ ಒಯ್ದು, ವಾಟರ್ ಪೇಪರು ತೋಯಿಸಿ ಉಜ್ಜಿ. ಕೂಸು ಕಡಿಯುವ ಪಟ್ಟಿ ಹೊಸದು ಹಾಕಿಸಿ, ಅದು ಬಣ್ಣವಿಲ್ಲದೆ ಬೋಳಾಗಿಯೇ ಇರಲಿ. ಪಟ್ಟಿಯ ಮೇಲೆ ಪುಟ್ಟ ಹಲ್ಲಿನ ಗುರುತು ಸಿಕ್ಕರೆ, ಅಲ್ಲಿದ್ದ ಬಣ್ಣ ಎಲ್ಲಿ ಹೋಯಿತು ಎಂದು ಮನೆಯವರನ್ನೆಲ್ಲ ಕೂರಿಸಿಕೊಂಡು ಒಮ್ಮೆ ಕೇಳಿ.