ನೀಲಿ ಬಕೆಟ್ ಹರಿಹರಕ್ಕೆ ವಾಪಸ್ ಹೋಯಿತು

ಮುಮ್ತಾಜ್ ಹರಿಹರದ ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿ ಒಂದು ತೀರ್ಮಾನಕ್ಕೆ ಬಂದುಬಿಟ್ಟಿತ್ತು. ಕಾರಣ, ಅವಳ ಕೈಯಲ್ಲಿದ್ದ ನೀಲಿ ಪ್ಲಾಸ್ಟಿಕ್ ಬಕೆಟ್. ಅದು ೧೯೭೯ನೇ ಇಸವಿ. ಎಮರ್ಜೆನ್ಸಿ ಮುಗಿದು ಎರಡು ವರ್ಷವಾಗಿತ್ತು. ಆದರೂ ಆಗ ಸರ್ಕಾರದವರು ಸಂತಾನಹರಣದ ಆಪರೇಷನ್ ಮಾಡಿ, ಕೈಗೆ ಬಕೆಟ್ ಕೊಟ್ಟು ಕಳಿಸುತ್ತಿದ್ದುದನ್ನು ಆ ಓಣಿಯಲ್ಲಿ ಯಾರೂ ಮರೆತಿರಲಿಲ್ಲ.

ಅತ್ತೆ ಅಮೀನಾಬೀ ಭಟ್ಟಿಯ ಮುಂದೆ ಕೂತು ಮಂಡಕ್ಕಿ ಜರಡಿ ಹಿಡಿಯುತ್ತಿದ್ದರು. ಬಕೆಟ್ ನೋಡಿ ಕೈ ನಿಂತಿತು.

"ಎಲ್ಲಿಂದ ಬಂತೇ ಇದು?"

"ಹರಿಹರದಾಗ ಮಹಿಳಾ ಸಂಘದೋರು ಕೊಟ್ರು, ಅಮ್ಮಾ."

"ಸುಮ್‌ಸುಮ್ನೆ ಯಾರು ಕೊಡ್ತಾರೆ? ಏನು ಮಾಡಿ ಕೊಟ್ರು?"

ಮುಮ್ತಾಜ್ ತಡವರಿಸಿದಳು. ಕೆಲವು ತಿಂಗಳಿಂದ ಅವಳಿಗೆ ಬಿಳಿ ಮುಟ್ಟು, ಉರಿ, ಕಿಬ್ಬೊಟ್ಟೆ ನೋವು. ಭಟ್ಟಿಯ ಕಾವಿಗೆ ಕೂರಲಾಗುತ್ತಿರಲಿಲ್ಲ. ಊರಲ್ಲೇ ತೋರಿಸಿದರೆ ನೆಂಟರ ಬಾಯಿಗೆ ಬೀಳಬೇಕು. ಅದಕ್ಕೇ, ಸಂಘಕ್ಕೆ ಲೇಡಿ ಡಾಕ್ಟರು ಬರುತ್ತಾರೆಂದು ಕೇಳಿ, ಯಾರಿಗೂ ಹೇಳದೆ ಹರಿಹರಕ್ಕೆ ಹೋಗಿದ್ದಳು.

"ಪರದೆ ಹಿಂದೆ ಮಲಗಿಸಿ ನೋಡಿದ್ರು. ಮಾತ್ರೆ ಕೊಟ್ರು."

"ಬರೀ ನೋಡಿದ್ರಾ?"

"ತಣ್ಣಗೆ ಏನೋ ತಾಗಿತು."

ಹೇಳುತ್ತ ಹೇಳುತ್ತ ಮುಮ್ತಾಜಳಿಗೇ ಗೊಂದಲವಾಯಿತು. ತಾಗಿದ್ದೇನು? ಏನು ಮಾಡುತ್ತೇವೆಂದು ಅವರು ಹೇಳಿರಲಿಲ್ಲ, ಇವಳೂ ಕೇಳಿರಲಿಲ್ಲ. ಅವಳಿಗಿದ್ದದ್ದು ಒಂದೇ ಹೆಣ್ಣುಮಗು. ಇನ್ನು ಮಕ್ಕಳಾಗುತ್ತವೋ ಇಲ್ಲವೋ. ಅಮೀನಾಬೀ ಮಾತ್ರೆಯ ಪೊಟ್ಟಣ ಕಿತ್ತುಕೊಂಡು ಭಟ್ಟಿಯ ಉರಿಗೆ ಹಾಕಿದರು.

ಮಂಡಿಪೇಟೆಗೆ ಚೀಲ ಹಾಕಿ ಬಂದ ಗಂಡ ಶಬ್ಬೀರ್ ಒಳಗೆ ಕಾಲಿಡುತ್ತಲೇ ಕೇಳಿದ. "ಟೀ ಅಂಗಡ್ಯಾಗ ಎಲ್ರೂ ನನ್ ಮುಖ ನೋಡಿ ನಗ್ತಾರೆ. ಏನು ಮಾಡಿಸ್ಕೊಂಡು ಬಂದಿ?"

"ನನಗೆ ಗೊತ್ತಿಲ್ಲ."

"ನಿನ್ ಮೈಗೆ ಏನಾತು ಅಂತ ನಿನಗೇ ಗೊತ್ತಿಲ್ವಾ? ಹಂಗಾದ್ರೆ ತವರಿಗೆ ಹೋಗು. ಗೊತ್ತಾದ ಮ್ಯಾಲೆ ಬಾ."

ಮುಮ್ತಾಜ್ ಗೋಡೆಗೆ ಒರಗಿ ಅತ್ತಳು. ನೋವು ಇದ್ದಲ್ಲೇ ಇತ್ತು, ಮಾತ್ರೆ ಬೂದಿಯಾಗಿತ್ತು, ಮನೆಯೂ ಕೈತಪ್ಪುವ ಹಾಗಿತ್ತು. ಅಮೀನಾಬೀ ಮಗನಿಗೆ ಅಡ್ಡ ನಿಂತರು. "ತವರು ಆಮ್ಯಾಲೆ. ನಾಳೆ ನಾನೇ ಇವಳ್ನ ಕರ್ಕೊಂಡು ಹೋಗಿ ಕೇಳಿ ಬರ್ತೀನಿ."

ಮರುದಿನ ಬಸ್ಸಿನಲ್ಲಿ ಅಮೀನಾಬೀ ಬಕೆಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತರು. ಸಂಘದ ಕೋಣೆಯಲ್ಲಿ ನೋಡಿದರೆ ಸೂರಿನವರೆಗೂ ನೀಲಿ ಬಕೆಟ್ಟುಗಳು. ನಡುವೆ ಕಾರ್ಯದರ್ಶಿ ನಿರ್ಮಲಮ್ಮ ಒಬ್ಬರೇ ತಲೆ ಮೇಲೆ ಕೈಹೊತ್ತು ಕೂತಿದ್ದರು. ಇವರನ್ನು ಕಂಡು ಮುಖ ಅರಳಿತು.

"ಬರ್ರಿ, ಕೂಡ್ರಿ. ಇನ್ನೊಂದು ಬಕೀಟು ಬೇಕಿತ್ತಾ?"

"ಒಂದಕ್ಕೇ ಮನೆ ಮುರಿಯಂಗ ಆಗೈತೆ. ಇನ್ನೊಂದು ಬ್ಯಾಡ್ರಿ," ಎಂದು ಅಮೀನಾಬೀ ಬಕೆಟ್ಟನ್ನು ನೆಲಕ್ಕೆ ಕುಕ್ಕಿದರು. "ಇದಕ್ಕೆ ರೊಕ್ಕ ಕೊಟ್ಟೋರು ಯಾರು?"

"ದೆಹಲಿಯ ಒಂದು ಸಂಸ್ಥೆ. ಅನುದಾನ ಅಂತಾರೆ. ಸಾಲ ಅಲ್ಲ, ವಾಪಸ್ ಕೇಳಲ್ಲ. ಹೆಣ್ಮಕ್ಕಳ ಬಾಳಿನಾಗ ಏನು ಬದಲಾವಣೆ ತರ್ತೀವಿ ಅಂತ ನಾವು ಮಾತು ಕೊಡ್ಬೇಕು."

"ಏನಂತ ಕೊಟ್ರಿ?"

"ನೂರು ಜನ ಬಂದು ತೋರಿಸ್ಕೋತಾರೆ ಅಂತ. ಬಂದೋರಿಗೆ ಉಪಯೋಗ ಆಗ್ಲಿ ಅಂತ ಬಕೀಟು ತಂದ್ವಿ. ಮೊದ್ಲು ಸ್ವಲ್ಪ ಜನ ಬಂದ್ರು, ಈಗ ಇವ್ರನ್ನ ಬಿಟ್ರೆ ಯಾರೂ ಬರ್ತಿಲ್ಲ. ಯಾಕ ಅಂತ ನನಗಂತೂ ತಿಳೀವಲ್ದು."

ಅಮೀನಾಬೀಗೆ ಸಿಟ್ಟು ಬರಬೇಕಿತ್ತು, ಅಳು ಬಂತು. "ನನ್ ತಮ್ಮ ಮುನಾಫ್. ಇನ್ನೂ ಮದುವೆ ಆಗಿರ್ಲಿಲ್ಲ. ಸಂತೆಗೆ ಹೋದೋನ್ನ ಜೀಪಿಗೆ ಹತ್ತಿಸ್ಕೊಂಡು ಹೋದ್ರು. ಕೇಳ್ಲಿಲ್ಲ, ಹೇಳ್ಲಿಲ್ಲ. ಸಂಜಿಗೆ ಬಕೀಟು ಹಿಡ್ಕೊಂಡು ಬಂದ. ಅದರಾಗ ಇವತ್ತಿನ ತನಕ ನಾವು ನೀರು ತುಂಬಿಲ್ಲ."

ನಿರ್ಮಲಮ್ಮ ಕೋಣೆ ತುಂಬಾ ಇದ್ದ ಬಕೆಟ್ಟುಗಳನ್ನು ನೋಡಿದರು. "ನಮಗಿದು ಹೊಳೀಲೇ ಇಲ್ಲ," ಎಂದರು.

ಅಷ್ಟರಲ್ಲಿ ಡಾಕ್ಟರು ಬಂದರು. ನಿರ್ಮಲಮ್ಮ ಅವರ ಕಿವಿಯಲ್ಲಿ ಏನೋ ಹೇಳಿದರು. ಡಾಕ್ಟರು ಮುಮ್ತಾಜಳ ಪಕ್ಕ ಕೂತು ಕೇಳಿದರು: "ನಿಮ್ಮ ವಿಷಯ ನಿಮ್ಮತ್ತೆ ಮುಂದೆ ಹೇಳಬಹುದಾ, ಇಲ್ಲ ನಿಮಗೊಬ್ಬರಿಗೇ ಹೇಳ್ಲಾ?"

ಇಂಥ ಮಾತಿಗೆ ಮುಮ್ತಾಜಳ ಒಪ್ಪಿಗೆಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಅವಳು ಅತ್ತೆಯನ್ನು ಹತ್ತಿರಕ್ಕೆ ಕರೆದು, "ಇಬ್ರಿಗೂ ಹೇಳ್ರಿ," ಎಂದಳು.

ಡಾಕ್ಟರು ಒಳಗಿಟ್ಟು ನೋಡುವ ಸ್ಟೀಲಿನ ಸಾಧನ ತಂದು ತೋರಿಸಿದರು. ಅದರಿಂದ ನೋಡಿದ್ದಷ್ಟೇ, ಏನೂ ಕೊಯ್ದಿಲ್ಲ, ಆಪರೇಷನ್ ಆಗಿಲ್ಲ ಎಂದರು. "ಇದು ಗಂಡ ಹೆಂಡತಿ ನಡುವೆ ಹರಡೋ ಸೋಂಕು. ಯಾರಿಂದ ಯಾರಿಗೆ ಬಂತು ಅಂತ ಜಗಳ ಬೇಡ. ಇಬ್ಬರೂ ತೋರಿಸ್ಕೋಬೇಕು, ಇಬ್ಬರೂ ಔಷಧಿ ಪೂರ್ತಿ ಮುಗಿಸ್ಬೇಕು. ಹಾಗೇ ಬಿಟ್ರೆ ಮುಂದೆ ಮಕ್ಕಳಾಗೋಕೂ ತೊಂದರೆ ಆಗಬಹುದು."

"ಮಾತ್ರೆ ಭಟ್ಟಿಗೆ ಹಾಕಿದೆನಲ್ರೀ," ಎಂದರು ಅಮೀನಾಬೀ ಸಣ್ಣ ದನಿಯಲ್ಲಿ.

"ಮತ್ತೆ ಕೊಡ್ತೀನಿ."

ಹೊರಡುವ ಹೊತ್ತಿಗೆ ನಿರ್ಮಲಮ್ಮ ತಡೆದರು. "ಒಂದು ವರ್ಷ ಆದ್ಮೇಲೆ ನಿಮ್ಮ ಓಣ್ಯಾಗ ಏನು ಬದಲಾಗಿರ್ಬೇಕು? ನೀವೇ ಹೇಳ್ರಿ."

"ಕೇಳದೆ ಯಾರ ಮೈನೂ ಯಾರೂ ಮುಟ್ಟಬಾರ್ದು," ಎಂದರು ಅಮೀನಾಬೀ.

"ಅದಾಗಾಕೆ ಮುಂಚೆ ಏನಾಗ್ಬೇಕು?"

"ಪರದೆ ಹಿಂದೆ ಕರೆಯೋ ಮುಂಚೆ ಏನು ಮಾಡ್ತೀರಿ ಅಂತ ಹೇಳ್ಬೇಕು," ಎಂದಳು ಮುಮ್ತಾಜ್. "ಬ್ಯಾಡ ಅಂದ್ರೆ ಬಿಡ್ಬೇಕು. ಗಂಡಸರಿಗೂ ಇದನ್ನ ಯಾರಾದ್ರೂ ಹೇಳ್ಬೇಕು."

"ದೊಡ್ಡಾಸ್ಪತ್ರೆಗೂ ಹೋಗಿ ಇದನ್ನೇ ಕೇಳ್ಬೇಕು. ಅದು ನಮ್ಮ ಸಂಘದ ಕೆಲಸ," ಎಂದರು ನಿರ್ಮಲಮ್ಮ.

ಅಮೀನಾಬೀ ಯೋಚಿಸಿದರು. "ಮಂಡಕ್ಕಿ ಬೇಕು ಅಂದ್ರೆ ಭತ್ತ ನೆನೆಹಾಕೋದ್ರಿಂದ ಶುರು ಮಾಡ್ಬೇಕು. ಇದೂ ಹಂಗೇನ್ರಿ?"

"ಹಂಗೇ ಕಾಣ್ತೈತೆ. ನಾವು ನೆನೆಹಾಕದೇನೇ ಒಲೆ ಹಚ್ಚಿದ್ವಿ."

"ದೆಹಲಿಯೋರು ಒಪ್ತಾರಾ?"

"ಗೊತ್ತಿಲ್ರಿ. ಬಕೀಟು ಅಂಗಡಿಗೆ ವಾಪಸ್ ಹಾಕಿ, ತಲೆ ಎಣಿಸೋದು ಬಿಟ್ಟೀವಿ ಅಂತ ಬರೀತೀನಿ."

ಸಂಜೆ ಶಬ್ಬೀರ್ ಎಲ್ಲ ಕೇಳಿ ಮುಖ ಗಂಟಿಕ್ಕಿದ. "ಆಪರೇಷನ್ ಇಲ್ಲ ಅಂದ್ಮ್ಯಾಲೆ ಆತು. ನನಗೇನಾಗೈತೆ ಅಂತ ನಾನು ಡಾಕ್ಟ್ರತ್ರ ಹೋಗ್ಲಿ? ಯಾರು ನನ್ನ ಕೇಳಿದ್ರು?"

"ನಾನು ಕೇಳ್ತಿದೀನಿ," ಎಂದಳು ಮುಮ್ತಾಜ್. "ಎಳ್ಕೊಂಡು ಹೋಗಲ್ಲ. ಬರ್ತೀಯೇನು?"

ಶಬ್ಬೀರ್ ತಾಯಿಯ ಕಡೆ ನೋಡಿದ. ತಾಯಿ ಜರಡಿಯಿಂದ ತಲೆ ಎತ್ತಲಿಲ್ಲ. ಕೊನೆಗೆ ಅವನು ಮುಮ್ತಾಜಳ ಪಕ್ಕ ಕೂತು, "ಬೆಳಿಗ್ಗೆ ಬಸ್ಸಿಗೆ ಹೋಗಣ," ಎಂದ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಬಿಳಿ ಮುಟ್ಟು, ಉರಿ, ನೋವು ಇದ್ದರೆ ಮುಚ್ಚಿಡಬೇಡಿ. ಗಂಡ ಹೆಂಡತಿ ಇಬ್ಬರೂ ತೋರಿಸಿಕೊಳ್ಳಿ. ಡಾಕ್ಟರಾಗಲಿ, ಸರ್ಕಾರವಾಗಲಿ, ನಮ್ಮಂಥ ಸಂಘವಾಗಲಿ, ನಿಮ್ಮ ಮೈ ಮುಟ್ಟುವ ಮೊದಲು ಏನು, ಯಾಕೆ ಎಂದು ಕೇಳಿ. ಒಪ್ಪುವುದೂ ಬೇಡವೆನ್ನುವುದೂ ನಿಮ್ಮ ಹಕ್ಕು. ನಿಮಗಾಗಿ ಯೋಜನೆ ಮಾಡುತ್ತೇವೆಂದು ಬಂದವರನ್ನು ಕೂರಿಸಿ, ನಮ್ಮನ್ನು ಕೇಳಿದಿರಾ ಎನ್ನಿ.

ಹರಿಹರದ ಸಂಘದವರಾದ ನಾವು ಈ ಕಥೆಯನ್ನು ಮುಮ್ತಾಜಳನ್ನೂ ಮುನಾಫರನ್ನೂ ಕೇಳಿಯೇ ಅಚ್ಚು ಹಾಕಿದ್ದೇವೆ. ಮುನಾಫ್ ಮೊದಲು ಬೇಡ ಎಂದರು, ನಾವು ಅವರ ವಿಷಯವನ್ನು ಕಥೆಯಿಂದ ತೆಗೆದುಬಿಟ್ಟೆವು. ಆಮೇಲೆ ಅವರೇ ಹರಿಹರಕ್ಕೆ ಬಂದು, ಹಾಕ್ರಿ ಎಂದರು.