ಗಾಜಿಲ್ಲದ ಫೋನು

ವಿಮಾನ ಇನ್ನೂ ನೆಲ ಬಿಟ್ಟಿರಲಿಲ್ಲ, ಅರ್ಜುಮಂದಳ ಹೊಟ್ಟೆಯಲ್ಲಿ ಮಾತ್ರ ಆಗಲೇ ಕಿಚ್ಚು ಹತ್ತಿಕೊಂಡಿತ್ತು. ಆಗಿದ್ದು ಇಷ್ಟೇ. ನಡುವಿನ ಸೀಟಿನಲ್ಲಿ ಕೂತಿದ್ದ ಜುನ್ನುವಿಗೆ ಹುಸ್ನಾ ಬೆಲ್ಟು ಹಾಕಿದಳು, ಮಗು ತಕರಾರಿಲ್ಲದೆ ಹಾಕಿಸಿಕೊಂಡಿತು. ಹೆತ್ತ ತಾಯಿ ಮಗಳಿಗೆ ಬೆಲ್ಟು ಹಾಕಿದರೆ ಅದರಲ್ಲಿ ಉರಿದುಕೊಳ್ಳುವಂಥದ್ದು ಏನಿದೆ ಎಂದು ಯಾರಾದರೂ ಕೇಳಬಹುದು. ಉರಿದುಕೊಳ್ಳುವವರಿಗೆ ಅಷ್ಟು ಸಾಕು.

ಮಸ್ಕಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅರ್ಜುಮಂದ್ ಹೆಂಗಸರ ಬಟ್ಟೆ ಹೊಲಿಯುತ್ತಿದ್ದಳು. ಗಂಡನನ್ನು ಬಿಟ್ಟು ತವರಿಗೆ ಬಂದು ಹನ್ನೆರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ತಮ್ಮ ಪರ್ವೇಜ್ ಜೆಡ್ಡಾದಲ್ಲಿ ಎ.ಸಿ. ರಿಪೇರಿ ಮಾಡಿಕೊಂಡಿದ್ದ. ಅವನ ಹೆಂಡತಿ ಹುಸ್ನಾ ಲಿಂಗಸುಗೂರಿನವಳು, ನರ್ಸಿಂಗ್ ಓದಿದವಳು. ಅವಳಿಗೂ ಅಲ್ಲಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಾಗ ಮಗಳು ಜುನೇರಾಗೆ ಹತ್ತು ತಿಂಗಳು.

"ಆರು ತಿಂಗಳು ನೋಡ್ಕೋರಿ ಆಪಾ. ಕೂಸಿನ ವೀಸಾ ಆದಕೂಡ್ಲೆ ಬಂದು ಕರಕೊಂಡು ಹೋಗ್ತೀನಿ" ಎಂದು ಹುಸ್ನಾ ಅತ್ತು ಹೋಗಿದ್ದಳು. ಆ ಆರು ತಿಂಗಳು ಹದಿನೆಂಟು ತಿಂಗಳಾದವು. ಅಷ್ಟರೊಳಗೆ ಜುನೇರಾ ಹೋಗಿ ಜುನ್ನು ಆದಳು, ಸೋದರತ್ತೆ ಅರ್ಜುಮಂದ್ ಹೋಗಿ 'ಫುಪ್ಪು' ಆದಳು. ಮಗು ಮೊದಲ ಹೆಜ್ಜೆ ಇಟ್ಟಿದ್ದು ಬಟ್ಟೆ ಕತ್ತರಿಸುವ ಮೇಜಿನಿಂದ ಹೊಲಿಗೆ ಯಂತ್ರದ ತನಕ. ಆ ನಾಲ್ಕು ಹೆಜ್ಜೆಯನ್ನು ಕಂಡವಳು ಅರ್ಜುಮಂದ್ ಒಬ್ಬಳೇ.

ಈಗ ವೀಸಾ ಆಗಿತ್ತು. ಹುಸ್ನಾ ಹತ್ತು ದಿನದ ರಜೆ ಹಾಕಿ ಬಂದಿದ್ದಳು. ಅಕ್ಕನೂ ಜೊತೆಗೆ ಬಂದು ಮೆಕ್ಕಾಕ್ಕೆ ಹೋಗಿ ಉಮ್ರಾ ಮಾಡಲಿ, ಮಗು ಹೊಂದಿಕೊಳ್ಳುವವರೆಗೆ ಇರಲಿ, ಹದಿನೈದು ದಿನಕ್ಕೆ ಸಿಂಧನೂರಿನವರ ತಂಡದ ಜೊತೆ ವಾಪಸ್ ಹೋಗಲಿ ಎಂದು ಪರ್ವೇಜ್ ಎಲ್ಲ ಏರ್ಪಾಟು ಮಾಡಿದ್ದ. ಬ್ಲೌಸ್ ಹೊಲಿಸಲು ಬಂದ ಗಾಳೆಮ್ಮ, "ಪುಣ್ಯವಂತಿ ಬಿಡವಾ ನೀ, ಕುಂತಲ್ಲೇ ಕರೆ ಬಂತು" ಎಂದಿದ್ದಳು. ಓಣಿಯವರೆಲ್ಲ ಹಾಗೆಯೇ ಅಂದರು. ಅರ್ಜುಮಂದಳ ತಲೆಯಲ್ಲಿ ಉಳಿದದ್ದು ಹದಿನೈದು ದಿನ ಎಂಬ ಲೆಕ್ಕ ಮಾತ್ರ. ಹದಿನಾರನೆಯ ದಿನ ಆ ಮನೆಯಲ್ಲಿ ಯಂತ್ರದ ಸದ್ದೊಂದೇ ಇರುತ್ತದೆ.

ಹತ್ತು ದಿನವೂ ಮಗು ತಾಯಿಯ ಹತ್ತಿರ ಸುಳಿದಿರಲಿಲ್ಲ. ಹುಸ್ನಾ ಕೈಚಾಚಿದರೆ ಫುಪ್ಪುವಿನ ಸೆರಗಿನ ಹಿಂದೆ ಅಡಗುತ್ತಿತ್ತು. ಅರ್ಜುಮಂದ್ ಮೇಲೆ ಮೇಲೆ, "ಹೋಗವ್ವಾ, ನಿಮ್ಮ ಅಮ್ಮಿ ಕರಿಯಾಕತ್ತ್ಯಾಳ" ಎನ್ನುವಳು. ಒಳಗೊಳಗೆ ಹಾಲು ಕುಡಿದಷ್ಟು ಸಂತೋಷ. ದಿನವೂ ಮೂರು ಗಂಟೆಯ ಹೊತ್ತಿಗೆ ಮಗು ಸುಮ್ಮಸುಮ್ಮನೆ ರಂಪ ಮಾಡುತ್ತಿತ್ತು. "ಬಿಸಲಿಗೆ ಹಂಗ ಮಾಡ್ತಾಳ" ಎಂದು ಅರ್ಜುಮಂದ್ ಎತ್ತಿಕೊಂಡು ಹೊರಗೆ ಹೋಗುತ್ತಿದ್ದಳು.

ಹೈದರಾಬಾದಿನಿಂದ ಜೆಡ್ಡಾಕ್ಕೆ ಆರು ತಾಸು. ಎರಡು ವರ್ಷ ದಾಟಿದ ಮಗುವನ್ನು ಆರು ತಾಸು ಒಂದೇ ಕಡೆ ಕೂಡಿಸುವುದೆಂದರೆ ಕಪ್ಪೆ ತೂಗಿದ ಹಾಗೆ. ಹುಸ್ನಾ ಅದಕ್ಕೆ ತಯಾರಾಗಿಯೇ ಬಂದಿದ್ದಳು. ಮೊಬೈಲಿನಲ್ಲಿ ಓದಿ ಓದಿ ಪಟ್ಟಿ ಮಾಡಿ, ಒಂದೊಂದು ಆಟಿಕೆಯನ್ನೂ ಬಣ್ಣದ ಕಾಗದದಲ್ಲಿ ಸುತ್ತಿ, ಮುಕ್ಕಾಲು ತಾಸಿಗೆ ಒಂದರಂತೆ ಬಿಚ್ಚುವುದೆಂದು ಚೀಲ ತುಂಬಿದ್ದಳು. ಸ್ಟಿಕ್ಕರ್ ಪುಸ್ತಕ, ರಟ್ಟಿನ ಚಿತ್ರದ ಪುಸ್ತಕ, ಒತ್ತಿದರೆ ಟಪ್ ಎನ್ನುವ ರಬ್ಬರ್ ಹಲಗೆ, ಕಾರ್ಟೂನ್ ತುಂಬಿದ ಟ್ಯಾಬು.

'ಕೂಸು ಆಡಿಸೋದನ್ನ ಇಂಟರ್ನೆಟ್‌ನ್ಯಾಗ ಕಲಿತು ಬಂದಾಳ' ಎಂದು ಅರ್ಜುಮಂದ್ ಮನಸ್ಸಿನಲ್ಲೇ ಮೂಗು ಮುರಿದಳು.

ಅವಳ ಚೀಲದಲ್ಲಿ ಇದ್ದದ್ದು ಒಂದೇ. ನೂಲು ಖಾಲಿಯಾದ ಹದಿನಾಲ್ಕು ರೀಲುಗಳನ್ನು ದಾರಕ್ಕೆ ಪೋಣಿಸಿದ ಸರ. ಅದು ಭತ್ತ ಹೇರಿಕೊಂಡು ಬರುವ ಜವಳಗೇರಾದ ಟ್ರ್ಯಾಕ್ಟರ್. ಎಷ್ಟೇ ಅಳುತ್ತಿರಲಿ, ಅದನ್ನು ನೆಲದ ಮೇಲೆ ಎಳೆದು "ಡುಗುಡುಗು ಡುಗುಡುಗು, ಜವಳಗೇರಾ ಟ್ರ್ಯಾಕ್ಟರ್ ಬಂತು, ದಾರಿ ಬಿಡ್ರಿ" ಎಂದರೆ ಜುನ್ನು ಕಣ್ಣೀರಿನಲ್ಲೇ ನಗುತ್ತಿದ್ದಳು. ಈ ಗುಟ್ಟನ್ನು ಅರ್ಜುಮಂದ್ ಹತ್ತು ದಿನದಲ್ಲಿ ಹುಸ್ನಾಗೆ ಒಮ್ಮೆಯೂ ಹೇಳಿರಲಿಲ್ಲ. ಜೊತೆಗೊಂದು ಸಣ್ಣ ಕತ್ತರಿಯೂ ಇತ್ತು. ಊರು ಬಿಟ್ಟರೂ ಕತ್ತರಿ ಬಿಡದ ಕೈ ಅದು. ಏರ್‌ಪೋರ್ಟಿನಲ್ಲಿ ತಪಾಸಣೆಯವರು ಕಸಿದುಕೊಂಡರು.

ಮೊದಲೆರಡು ತಾಸು ಹುಸ್ನಾಳ ಚೀಲವೇ ನಡೆಯಿತು. ರಬ್ಬರ್ ಹಲಗೆ ಹತ್ತು ನಿಮಿಷ, ಟ್ಯಾಬು ಇಪ್ಪತ್ತು ನಿಮಿಷ. ಸ್ಟಿಕ್ಕರ್ ಪುಸ್ತಕ ಬಂದಾಗ ಜುನ್ನು ಒಂದು ಹಳದಿ ಬಾತುಕೋಳಿಯನ್ನು ಕಿತ್ತು ಹುಸ್ನಾಳ ಹಣೆಗೆ ಅಂಟಿಸಿ ಕಿಲಕಿಲ ನಕ್ಕಳು. ಹುಸ್ನಾ ಅದನ್ನು ತೆಗೆಯಲೇ ಇಲ್ಲ. ಹಣೆಯ ಮೇಲೆ ಬಾತುಕೋಳಿ ಇಟ್ಟುಕೊಂಡು, ಲಾಟರಿ ಹೊಡೆದವಳಂತೆ ಅರ್ಜುಮಂದಳತ್ತ ನೋಡಿದಳು.

"ನೋಡಿದ್ರ್ಯಾ ಆಪಾ? ನನಗ ಹಚ್ಚಿದ್ಳು!"

"ಹೂಂ, ನೋಡಿದ್ನೆವ್ವಾ" ಎಂದಳು ಅರ್ಜುಮಂದ್. ಎದೆಗೆ ಸೂಜಿ ಚುಚ್ಚಿದಂತಾಗಿತ್ತು. ಹದಿನೆಂಟು ತಿಂಗಳು ಹೇಲುಚ್ಚೆ ಬಾಚಿದವಳು ಕಿಟಕಿಯ ಕಡೆ, ಎರಡು ಹಾಳೆ ಸ್ಟಿಕ್ಕರ್ ತಂದವಳಿಗೆ ಈ ನಗು. ಇದು ಯಾವ ನ್ಯಾಯ? ತಲೆನೋವೆಂದು ಹೇಳಿ ಓಢಣಿಯನ್ನು ಮುಖದ ಮೇಲೆ ಎಳೆದುಕೊಂಡು ಒರಗಿದಳು.

ಅವಳ ಕೈಗಡಿಯಾರ ಇನ್ನೂ ಮಸ್ಕಿಯ ಹೊತ್ತನ್ನೇ ತೋರಿಸುತ್ತಿತ್ತು. ಸರಿಯಾಗಿ ಮೂರಕ್ಕೆ ಜುನ್ನು ರಾಗ ತೆಗೆದಳು. ಟ್ಯಾಬನ್ನು ತಳ್ಳಿದಳು. ಚಿತ್ರದ ಪುಸ್ತಕ ಹಾರಿ ಹೋಗಿ ದಾರಿಯಲ್ಲಿ ಬಿತ್ತು. ಗಗನಸಖಿ ತಂದ ಹಣ್ಣಿನ ರಸ ಹುಸ್ನಾಳ ಕುರ್ತಾದ ಮೇಲೆ ಚೆಲ್ಲಿತು. ಮುಂದಿನ ಸೀಟಿನ ಮುದುಕರೊಬ್ಬರು ಎರಡು ಸಲ ಹಿಂದಿರುಗಿ ನೋಡಿದರು.

"ಆಪಾ... ಆಪಾ, ಮಲಗೀರೇನ್ರಿ?"

ಅರ್ಜುಮಂದ್ ಸಣ್ಣಗೆ ಗೊರಕೆ ಹೊಡೆದಳು. ಮಲಗಿದವರನ್ನು ಎಬ್ಬಿಸಬಹುದು, ಮಲಗಿದಂತೆ ನಟಿಸುವವರನ್ನು ಎಬ್ಬಿಸುವುದಾದರೂ ಹೇಗೆ? ಕಾಲ ಬಳಿಯ ಚೀಲದಲ್ಲಿ ಟ್ರ್ಯಾಕ್ಟರ್ ಇತ್ತು. ಕೈ ಚಾಚಿದ್ದರೆ ಒಂದು ನಿಮಿಷದಲ್ಲಿ ಅಳು ನಿಲ್ಲುತ್ತಿತ್ತು. ಅವಳು ಚಾಚಲಿಲ್ಲ. ಅಳಲಿ. ನನಗಾಗಿ ಅಳಲಿ. ಹೆತ್ತವಳ ಕೈಯಲ್ಲಿ ಸುಮ್ಮನಾಗಲಿಲ್ಲ, ಫುಪ್ಪುವೇ ಬೇಕಾಯಿತು ಎಂದು ವಿಮಾನದ ಜನವೆಲ್ಲ ನೋಡಲಿ. ಆಗ ತಮ್ಮನೇ ಅಂದಾನು, ಅಕ್ಕಾ, ನೀ ಹೋಗಬ್ಯಾಡ, ಇಲ್ಲೇ ಇರು. ಓಢಣಿಯ ಒಳಗೆ ಅವಳು ಇಷ್ಟೆಲ್ಲ ಹೊಲಿದು ಮುಗಿಸಿದ್ದಳು.

ಕೊನೆಗೆ ಅಂದುಕೊಂಡಂತೆಯೇ ಆಯಿತು. ಎರಡು ಪುಟ್ಟ ಮೊಣಕಾಲು ಅವಳ ತೊಡೆ ತುಳಿದವು. ಒದ್ದೆ ಕೈ ಓಢಣಿಯನ್ನು ಎಳೆದು ಹಾಕಿತು. ಜುನ್ನು ಬೆಲ್ಟಿನಿಂದ ಜಾರಿ ಅವಳ ಮೇಲೆ ಹತ್ತಿ ಬಂದಿದ್ದಳು. ಹುಸ್ನಾ ಸೋತು ಎರಡೂ ಕೈ ಬಿಟ್ಟಿದ್ದಳು. ಅರ್ಜುಮಂದ್ ಗೆದ್ದವಳಂತೆ ಕಣ್ಣು ತೆರೆದು, "ಬಾ ನನ್ನ ಬಂಗಾರಾ, ಫುಪ್ಪು ಇಲ್ಲೇ ಅದೀನಿ" ಎಂದು ತೋಳು ಚಾಚಿದಳು.

ಮಗು ತೋಳಿನತ್ತ ನೋಡಲಿಲ್ಲ. ಸೊಂಟದ ಬಳಿ ನೇತಾಡುತ್ತಿದ್ದ ಪರ್ಸಿನೊಳಗೆ ಕೈ ತೂರಿಸಿ, ಅಂಚು ಒಡೆದ ಫೋನನ್ನು ಹೊರಗೆಳೆಯಿತು. ಮುಂದಿನ ಸೀಟಿನ ಬೆನ್ನಿಗಿದ್ದ ಹಲಗೆಯನ್ನು ತಟ್ಟಿ ಬಿಚ್ಚಿಸಿಕೊಂಡು, ಹುಸ್ನಾಳ ಮುಂದಿದ್ದ ನೀರಿನ ಲೋಟವನ್ನು ಎಳೆದಿಟ್ಟು, ಫೋನನ್ನು ಅದಕ್ಕೆ ಒರಗಿಸಿ ನಿಲ್ಲಿಸಿತು. ಮನೆಯಲ್ಲಿ ಹೊಲಿಗೆ ಯಂತ್ರಕ್ಕೆ ಒರಗಿಸುತ್ತಿದ್ದ ಹಾಗೆಯೇ. ಆಮೇಲೆ ಆ ಕಪ್ಪು ಗಾಜಿಗೆ ಮುತ್ತು ಕೊಟ್ಟು ಬಿಕ್ಕಿತು.

"ಅಮ್ಮೀ... ಬಾ. ಅಮ್ಮೀ, ಬಾ."

ಹಣೆಯ ಮೇಲಿನ್ನೂ ಬಾತುಕೋಳಿ ಇದ್ದ ಹುಸ್ನಾ ಮಗುವನ್ನು ನೋಡಿದಳು, ಫೋನನ್ನು ನೋಡಿದಳು. "ನಾ ಇಲ್ಲೇ ಅದೀನಲ್ಲ ಬೇಟಾ... ಆಪಾ, ಯಾರನ್ನ ಕರಿಯಾಕತ್ತ್ಯಾಳ್ರಿ ಇಕಿ?"

ಯಾರನ್ನೆಂದು ಅರ್ಜುಮಂದಳಿಗೆ ಗೊತ್ತಿತ್ತು. ಹದಿನೆಂಟು ತಿಂಗಳು, ದಿನವೂ ಮೂರು ಗಂಟೆಗೆ, ಹುಸ್ನಾ ಊಟದ ಬಿಡುವಿನಲ್ಲಿ ವಿಡಿಯೋ ಕಾಲ್ ಮಾಡುತ್ತಿದ್ದಳು. ಗಂಟೆ ಬಾರಿಸಿದರೆ ಸಾಕು, ಜುನ್ನು ತುತ್ತು ಬಿಟ್ಟು ಓಡುತ್ತಿದ್ದಳು. ಅಮ್ಮಿ ಎಲ್ಲಿ ಎಂದು ಮೊದಲು ಕೇಳಿದಾಗ ಅರ್ಜುಮಂದ್ ಸಮಾಧಾನಕ್ಕೆ, "ಅಮ್ಮಿ ಫೋನಿನ್ಯಾಗ ಇರ್ತಾಳ" ಎಂದಿದ್ದಳು. ಆಮೇಲಾಮೇಲೆ ಆ ಓಟ ನೋಡಲಾಗದೆ ಇನ್ನಷ್ಟು ಸೇರಿಸಿದಳು. "ಫೋನಿನ್ಯಾಗ ಉಣ್ತಾಳ, ಫೋನಿನ್ಯಾಗ ಮಲಗ್ತಾಳ. ಹೊರಗ ಬರಂಗಿಲ್ಲ ಆಕಿ." ಕೆಲವು ದಿನ, ಮಗು ಗಾಜಿಗೆ ಮುತ್ತು ಕೊಟ್ಟು ಬಿಡದೇ ಹೋದಾಗ, ತಾನೇ ಕೆಂಪು ಗುಂಡಿ ಒತ್ತಿ "ನೆಟ್‌ವರ್ಕ್ ಹೋತು" ಎಂದದ್ದೂ ಉಂಟು.

ಹುಸ್ನಾ ಊರಿಗೆ ಬಂದ ಮೇಲೆ ಫೋನು ಬರಲಿಲ್ಲ. ತಾಯಿ ಮನೆಯಲ್ಲೇ ಇರುವಾಗ ಯಾರು ಮಾಡಬೇಕು? ದಿನವೂ ಮೂರಕ್ಕೆ ಮಗು ಅಮ್ಮಿಗಾಗಿ ಅಳುತ್ತಿತ್ತು. ಬಿಸಿಲೂ ಅಲ್ಲ, ಫುಪ್ಪುವೂ ಅಲ್ಲ.

ಅರ್ಜುಮಂದಳ ಕೈ ಚೀಲದೊಳಗೆ ಹೋಗಿ ರೀಲಿನ ಸರವನ್ನು ಮುಟ್ಟಿತು. ಇದನ್ನೊಮ್ಮೆ ಎಳೆದರೆ ಮಗು ಎಲ್ಲ ಮರೆತುಬಿಡುತ್ತದೆ. ಹುಸ್ನಾಗೆ ಏನೂ ತಿಳಿಯುವುದಿಲ್ಲ. ಇನ್ನೂ ಹದಿನೈದು ದಿನ ತಾನೇ ದೊಡ್ಡವಳು. ಅಷ್ಟರಲ್ಲಿ ಜುನ್ನು ಮತ್ತೊಮ್ಮೆ ಗಾಜನ್ನು ಅಂಗೈಯಿಂದ ಬಡಿದಳು, ಬಾಗಿಲು ಬಡಿದಂತೆ.

"ಹಾಳಾಗಿ ಹೋಗ್ಲಿ" ಎಂದಳು ಅರ್ಜುಮಂದ್, ಯಾರಿಗೆ ಅಂದಳೋ. ದಾರಿಯಲ್ಲಿ ಬಿದ್ದ ಪುಸ್ತಕವನ್ನು ಹುಸ್ನಾಳಿಂದ ಎತ್ತಿಸಿಕೊಂಡು ಅದರ ರಟ್ಟನ್ನು ಕಿತ್ತಳು. ಕತ್ತರಿ ಇರಲಿಲ್ಲ. ಉಗುರಿನಿಂದ ಗೀರಿ, ಮಡಚಿ, ಒತ್ತಿ, ನಡುವೆ ಒಂದು ಕಿಟಕಿಯನ್ನು ಹರಿದು ತೆಗೆದಳು. ಇಪ್ಪತ್ತು ವರ್ಷ ಬಟ್ಟೆ ಹರಿದ ಕೈ, ಗೆರೆ ಎಲ್ಲೂ ಸೊಟ್ಟಗಾಗಲಿಲ್ಲ. ಚೌಕಟ್ಟನ್ನು ಹುಸ್ನಾಳ ಕೈಗೆ ತುರುಕಿದಳು.

"ಮುಖದ ಮುಂದ ಹಿಡಿ."

"ಏನ್ರಿ ಆಪಾ ಇದು?"

"ಹಿಡಿಯಂದ್ರ ಹಿಡಿಯವ್ವಾ. ನೀ ಫೋನಿನ್ಯಾಗ ಇರ್ತಿ ಅಂತ ನಾನ ಹೇಳಿಕೊಟ್ಟೀನಿ ಆಕಿಗೆ. ಫೋನ್ ಹಚ್ಚಿದಾಗ ಹೆಂಗ ಮಾತಾಡ್ತಿದ್ದಿ, ಹಂಗ ಮಾತಾಡು."

 ಹುಸ್ನಾ ರಟ್ಟಿನ ಚೌಕಟ್ಟನ್ನು ಮುಖದ ಮುಂದೆ ಹಿಡಿದು, ಗಂಟಲು ಸರಿಮಾಡಿಕೊಂಡು, "ಹಲೋ ಜುನ್ನೂ! ಊಟ ಆತೇನವಾ? ಏನ್ ಉಂಡಿ?" ಎಂದಳು.

ಅಳು ಅರ್ಧಕ್ಕೇ ನಿಂತಿತು. ಜುನ್ನು ನಿಧಾನವಾಗಿ ತಿರುಗಿದಳು. ಮುಖ ಅರಳಿತು. ದಿನವೂ ಮಾಡುವಂತೆ ಬಗ್ಗಿ ಗಾಜಿಗೆ ಮುತ್ತು ಕೊಡಲು ಹೋದಳು. ಗಾಜು ಇರಲಿಲ್ಲ. ತುಟಿ ನೇರ ಹೋಗಿ ಹುಸ್ನಾಳ ಮೂಗಿಗೆ ತಗಲಿತು. ಮಗು ಬೆಚ್ಚಿ ಹಿಂದೆ ಸರಿಯಿತು. ಒಂದು ಬೆರಳನ್ನು ಚೌಕಟ್ಟಿನೊಳಗೆ ತೂರಿಸಿ ಕೆನ್ನೆ ಒತ್ತಿ ನೋಡಿತು, ಬಾತುಕೋಳಿಯನ್ನು ಮುಟ್ಟಿತು. ಆಮೇಲೆ ಎರಡೂ ಕೈಯನ್ನು ಒಳಗೆ ಹಾಕಿ ತಾಯಿಯ ಕಿವಿಗಳನ್ನು ಹಿಡಿದು, ಫೋನಿನಿಂದ ಹೊರಗೆ ಎಳೆಯತೊಡಗಿತು.

"ಅಮ್ಮೀ ಬಂತು! ಫುಪ್ಪೂ, ಅಮ್ಮೀ ಬಂತು!"

ಹುಸ್ನಾ ಅಳುತ್ತ ನಗುತ್ತ ಮಗುವನ್ನು ತೊಡೆಗೆಳೆದುಕೊಂಡಳು. ಮುಂದಿನ ಸೀಟಿನ ಮುದುಕರು ಮೂರನೆಯ ಸಲ ತಿರುಗಿ, "ಅಲ್‌ಹಮ್ದುಲಿಲ್ಲಾ" ಎಂದು ಕಣ್ಣು ಮುಚ್ಚಿದರು. ಅರ್ಜುಮಂದಳ ಕಿಚ್ಚೇನೂ ಆರಲಿಲ್ಲ. ತನ್ನ ಕೈಯಾರೆ ಮಾಡಿದ್ದು ಇನ್ನಷ್ಟು ಉರಿಸುತ್ತದೆ. ಆದರೂ ಚೀಲದಿಂದ ರೀಲಿನ ಸರ ತೆಗೆದು ಹುಸ್ನಾಳ ಪಕ್ಕ ಇಟ್ಟಳು.

"ಇದು ಜವಳಗೇರಾ ಟ್ರ್ಯಾಕ್ಟರ್. ಡುಗುಡುಗು ಅನಬೇಕು, ದಾರಿ ಬಿಡ್ರಿ ಅನಬೇಕು. ಇಲ್ಲಂದ್ರ ಆಡಂಗಿಲ್ಲ ಆಕಿ."

ಜುನ್ನುವಿಗೆ ಆಗ ಟ್ರ್ಯಾಕ್ಟರ್ ಬೇಕಿರಲಿಲ್ಲ. ಹೊಸ ಆಟ ಸಿಕ್ಕಿತ್ತು. ತಾಯಿಯ ತೊಡೆಯ ಮೇಲೆ ಕೂತೇ ಚೌಕಟ್ಟನ್ನು ಕಸಿದು, ಅದನ್ನು ಅರ್ಜುಮಂದಳ ಮುಖದ ಮುಂದೆ ಹಿಡಿದಳು.

"ಹಲೋ ಫುಪ್ಪು!"

"ಹಲೋ ಬಂಗಾರಾ" ಎಂದಳು ಅರ್ಜುಮಂದ್, ಚೌಕಟ್ಟಿನ ಆಚೆಯಿಂದ. "ಊಟ ಆತೇನವಾ?"

ಮಗು ಬೆರಳಿನಿಂದ ಗಾಳಿಯಲ್ಲಿ ಒಂದು ಗುಂಡಿ ಒತ್ತಿ, ಚೌಕಟ್ಟನ್ನು ಕೆಳಗಿಳಿಸಿ ನಕ್ಕಿತು. "ನೆಟ್ಟಕ್ ಹೋತು!"

ಅರ್ಜುಮಂದಳ ಮುಖ ಕಪ್ಪಿಟ್ಟಿತು. ಹುಸ್ನಾಳ ಕಡೆ ತಿರುಗಲು ಧೈರ್ಯ ಸಾಲಲಿಲ್ಲ.

ಹುಸ್ನಾ ಮಗಳ ಕೈಯಿಂದ ಚೌಕಟ್ಟನ್ನು ತೆಗೆದುಕೊಂಡು, ಸುಕ್ಕಾದ ಮೂಲೆಯನ್ನು ನೇರ ಮಾಡಿ, ಮತ್ತೆ ಅರ್ಜುಮಂದಳ ಮುಖದ ಮುಂದೆ ಹಿಡಿದಳು.

"ದಿನಾ ಮೂರಕ್ಕ ಹಚ್ಚಿ ಕೊಡ್ತೀನ್ರಿ ಆಪಾ" ಎಂದಳು. "ನಮ್ಮ ಕಡೆಯಿಂದ ನೆಟ್‌ವರ್ಕ್ ಹೋಗಂಗಿಲ್ಲ."