ಬೂಟು ಬಿಚ್ಚುವ ನಿರ್ದೇಶಕರು

ಸಿದರಾಯರು ಒಳಗಿದ್ದಾರೋ ಇಲ್ಲವೋ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಬಾಗಿಲ ಹೊರಗೆ ಬೂಟು ಇದ್ದರೆ ಅವರು ಒಳಗಿದ್ದಾರೆಂದೇ ಅರ್ಥ. ಬೆಳಗಾವಿಯ ಟಿಳಕವಾಡಿಯಲ್ಲಿ, ಗಾಜಿನ ಗೋಡೆಗಳ ಒಂದು ಕಟ್ಟಡದ ಮೇಲಂತಸ್ತಿನಲ್ಲಿ, ಗಣಿ ಕಂಪನಿಯೊಂದರ ನಿರ್ದೇಶಕ ಮಂಡಳಿ ಸೇರುವ ಕೋಣೆಯ ಹೊಸ್ತಿಲಿನಾಚೆ, ಕಾಲುಚೀಲಗಳನ್ನು ಹೊಟ್ಟೆಯೊಳಗೆ ತುರುಕಿಸಿಕೊಂಡು, ಮೂತಿಯನ್ನು ಗೋಡೆಯ ಕಡೆ ಮಾಡಿ, ಆ ಕರಿಯ ಬೂಟುಗಳು ಜೋಡಿಯಾಗಿ ನಿಂತಿರುತ್ತಿದ್ದವು. ಒಳಗೆ ಕನ್ನಡಿಯಂಥ ಮೇಜಿನ ಕೆಳಗೆ, ದಪ್ಪ ರತ್ನಗಂಬಳಿಯ ಮೇಲೆ, ಸಿದರಾಯರ ಬರಿಗಾಲು. ಮುಂಬಯಿಯಿಂದ ಬಂದ ಅತಿಥಿಯೊಬ್ಬರು ಒಳಗೇನೋ ಪೂಜೆ ನಡೆದಿದೆಯೆಂದು ತಿಳಿದು ತಾವೂ ಬೂಟು ಬಿಚ್ಚಿ, ಕೈಮುಗಿದುಕೊಂಡೇ ಒಳಗೆ ಬಂದರಂತೆ. ಕಂಪನಿಯ ಜಾಲತಾಣಕ್ಕೆಂದು ‘ನಮ್ಮ ನಾಯಕತ್ವ’ದ ಚಿತ್ರ ತೆಗೆದ ದಿನ ಫೋಟೋದವನು ನಾಲ್ವರು ನಿರ್ದೇಶಕರನ್ನೂ ಸಾಲಾಗಿ ನಿಲ್ಲಿಸಿ, ಕ್ಯಾಮೆರಾದಲ್ಲಿ ಕಣ್ಣಿಟ್ಟು, ಸಿದರಾಯರ ಪಾದಗಳನ್ನು ಕಂಡು ಗಾಬರಿಯಾಗಿ, ಕೊನೆಗೆ ಎಲ್ಲರನ್ನೂ ಮೊಣಕಾಲಿಗೇ ಕತ್ತರಿಸಿಬಿಟ್ಟ.

ಕಂಪನಿಗೆ ಬರುವ ಮುಂಚೆ ಅವರು ಖಾನಾಪುರ ತಾಲೂಕಿನಲ್ಲಿ ಪಶುಪಾಲನೆ ಇಲಾಖೆಯ ನೌಕರರು. ಕುರಿಗಳಿಗೆ ಸೂಜಿ ಹಾಕುತ್ತ ನಂದಗಡದಿಂದ ಗುಂಜಿಯವರೆಗೆ ಅವರು ಕಾಲಿಡದ ಹಟ್ಟಿಯಿಲ್ಲ, ಮಜ್ಜಿಗೆ ಕುಡಿಯದ ಮನೆಯಿಲ್ಲ. ತಾವೇ ಹಾಲುಮತದ ಕುರುಬರ ಮನೆಯಲ್ಲಿ ಹುಟ್ಟಿದವರು. ಕುರಿ ನಿಲ್ಲುವ ಜಾಗ ದೇವರ ಜಾಗವೆಂದು ತಿಳಿದ ಆ ಮಂದಿಯ ನಡುವೆ ಕಾಲಿನದನ್ನು ಹೊರಗೆ ಬಿಡುವುದು ಅವರಿಗೆ ಉಸಿರಾಡಿದಷ್ಟೇ ಸಹಜವಾಗಿತ್ತು. ನಡಿಗೆಯೂ ಹಾಗೆಯೇ. ಕೊಡೆಯನ್ನು ಹೆಗಲ ಹಿಂದೆ ಅಡ್ಡ ಹಿಡಿದು, ಎರಡೂ ಕೈಗಳನ್ನು ಅದರ ಮೇಲೆ ಇಳಿಬಿಟ್ಟು, ನಾಲ್ಕು ಹೆಜ್ಜೆಗೊಮ್ಮೆ ನಿಂತು ಹಿಂದಿರುಗಿ ನೋಡುತ್ತ ನಡೆಯುವರು, ಹಿಂದೆ ಮಂದೆ ಬರುತ್ತಿದೆಯೋ ಎಂಬಂತೆ. ಕಚೇರಿಯ ಮೊಗಸಾಲೆಯಲ್ಲಿ ಆ ನಡಿಗೆಯನ್ನು ನೋಡಿ ಹುಡುಗಿಯರು ಮುಸಿಮುಸಿ ನಗುತ್ತಿದ್ದರು. ಮಳೆಗಾಲವಿರಲಿ ಬೇಸಿಗೆಯಿರಲಿ, ಮೈಮೇಲೆ ಕಂದು ಬಣ್ಣದ ಅದೇ ಕೋಟು.

ಮಾತಿನಲ್ಲೊಂದು ಚಾಳಿ ಇತ್ತು. ಯಾವುದನ್ನು ಹೇಳಿದರೂ ಮುಂದೆ ‘ನಮ್ಮ’ ಸೇರಬೇಕು. ನಮ್ಮ ಗುಡ್ಡ, ನಮ್ಮ ಕರೆಪ್ಪ, ನಮ್ಮ ಕಂಪನಿ, ನಮ್ಮ ಸಾವಕಾರ್ರು. ಒಮ್ಮೆ ಜಾಂಬೋಟಿ ಘಾಟಿನಲ್ಲಿ ಕೆಟ್ಟು ನಿಂತಿದ್ದ ಯಾರದೋ ಲಾರಿಗೂ ‘ನಮ್ಮ ಲಾರಿ ಪಾಪ’ ಎಂದರು. ಮರಾಠಿ ಆಡುವಾಗಲೂ ಅಷ್ಟೇ, ‘ಆಪಲಾ’ ಇಲ್ಲದೆ ವಾಕ್ಯ ಮುಗಿಯುತ್ತಿರಲಿಲ್ಲ. ಇಂಥ ಮನುಷ್ಯನನ್ನು ಗುಡ್ಡ ಕೊರೆಯಲು ಹೊರಟ ಕಂಪನಿ ಬಿಟ್ಟೀತೇ? ‘ಸಮುದಾಯ ಸಂಪರ್ಕ ನಿರ್ದೇಶಕ’ ಎಂಬ ಉದ್ದನೆಯ ಹೆಸರು ಕೊಟ್ಟು ಕರೆದುಕೊಂಡಿತು.

ಉಳಿದ ಮೂವರ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಅಧ್ಯಕ್ಷ ಓಂಕಾರ ಸಾಹುಕಾರರು ಹಳೆಯ ವ್ಯಾಪಾರಸ್ಥರ ಮನೆತನ. ಲಿಂಗಪೂಜೆಯಾಗದೆ ಹನಿ ನೀರು ಮುಟ್ಟದವರು. ಗಣಿ ಎಂಜಿನಿಯರ್ ರೋಹನ ಚುರುಕು, ನಗೆಗಾರ. ಹಣಕಾಸು ನೋಡುವ ಮೇಘಾ ಯಾರನ್ನೂ ಗದರಿದ್ದನ್ನು ಕಂಡವರಿಲ್ಲ. ಮೂವರಲ್ಲಿ ಒಬ್ಬರಾದರೂ ರಾಕ್ಷಸರಾಗಿದ್ದರೆ ನನಗೆ ಈ ಬರಹ ಎಷ್ಟೋ ಸುಲಭವಾಗುತ್ತಿತ್ತು. ಸಿದರಾಯರ ಬರಿಗಾಲನ್ನು ಕಂಡು ಅವರು ಹಾಸ್ಯ ಮಾಡಿದರೂ ಅದರಲ್ಲಿ ಪ್ರೀತಿ ಇತ್ತು, ಲೆಕ್ಕಾಚಾರವೂ ಇತ್ತು. “ಸಿದರಾಯ ಅವರ ಕಾಲು ಮುಟ್ಟದ ಮನಿಯೊಳಗ ನಮ್ಮ ಮಷೀನು ಹೋಗೂದಿಲ್ಲ ನೋಡ್ರಿ” ಎಂದು ಸಾಹುಕಾರರು ಬಂದವರಿಗೆಲ್ಲ ಹೇಳುತ್ತಿದ್ದರು. ಸಿದರಾಯರು ಅದನ್ನು ಹೊಗಳಿಕೆಯೆಂದೇ ಕೇಳಿ ನಾಚಿ ತಲೆ ತಗ್ಗಿಸುತ್ತಿದ್ದರು.

ಗುಂಜಿಯಿಂದಾಚೆ, ಕಾಡಿನ ಅಂಚಿನಲ್ಲಿ, ಬೀರನಝರಿ ಎಂಬ ಪುಟ್ಟ ಊರು. ಸಿದರಾಯರ ತಾಯಿಯ ತವರು. ಊರ ಹಿಂದಿನ ಗುಡ್ಡದ ನೆತ್ತಿಯಲ್ಲಿ ಬಾಕ್ಸೈಟ್ ಅದಿರು. ಬುಡದಲ್ಲಿ ಬೀರದೇವರ ಗುಡಿ. ಗುಡಿಯ ಬಾಜುವಿನಲ್ಲಿ ಎಂಥ ಬೇಸಿಗೆಯಲ್ಲೂ ಬತ್ತದ ಝರಿ. ಊರಿಗೂ ಕುರಿಗಳಿಗೂ ಅದೊಂದೇ ನೀರು. ಗಣಿಯ ವಿಷಯ ಎದ್ದಾಗ ಊರವರು ಜಗಳ ಮಾಡಲಿಲ್ಲ, ಅರ್ಜಿ ಬರೆಯಲಿಲ್ಲ. ಸಿದರಾಯರನ್ನು ಗುಡಿಗೆ ಕರೆಸಿದರು. ಪೂಜಾರಿ ಕರೆಪ್ಪ ಭಂಡಾರದ ಬಟ್ಟಲನ್ನು ಮುಂದಿಟ್ಟ. ಭಂಡಾರವೆಂದರೆ ದೇವರ ಅರಿಸಿನ ಪುಡಿ. ಅದನ್ನು ಮುಷ್ಟಿಯಲ್ಲಿ ಎತ್ತಿ ಆಡಿದ ಮಾತಿಗೆ ತಪ್ಪಿದವನು ಆ ಮಂದಿಯ ನಡುವೆ ಬದುಕಿದ್ದೂ ಇಲ್ಲದವನೇ.

“ಕಾಗದಾ ಕಂಪನೀದು ಸಿದರಾಯ, ಅದು ನಮಗ ಬ್ಯಾಡ. ನೀ ನಮ್ಮಾಂವ. ಝರಿಗೆ ಏನೂ ಆಗೂದಿಲ್ಲಂತ ಭಂಡಾರ ಎತ್ತು, ಸಾಕು” ಎಂದ ಕರೆಪ್ಪ.

ನಕ್ಷೆಯಲ್ಲಿ ಝರಿಯ ಮಗ್ಗುಲನ್ನು ಬಿಟ್ಟಿದ್ದರು. ಅಗೆದ ಮಣ್ಣನ್ನು ಗುಡ್ಡದ ಆಚೆಗೆ ಸುರಿಯುವುದೆಂದಿತ್ತು. ರೋಹನ ತಾನೇ ಬೆರಳಿಟ್ಟು ತೋರಿಸಿದ್ದ. ಸಿದರಾಯರು ಹಿಂದೆ ಮುಂದೆ ನೋಡಲಿಲ್ಲ. ಬರಿಗಾಲಲ್ಲಿ ದೇವರ ಮುಂದೆ ನಿಂತು ಮುಷ್ಟಿ ತುಂಬ ಭಂಡಾರ ಎತ್ತಿದರು, ಹಣೆಗೆ ಬಳಿದುಕೊಂಡರು, ಅದೇ ಹಣೆಯಲ್ಲೇ ಬೆಳಗಾವಿಗೆ ಬಂದು ವಿಷಯ ತಿಳಿಸಿದರು. ಸಾಹುಕಾರರು ಎದ್ದು ನಿಂತು ಕೈಮುಗಿದರು.

ಆಮೇಲೆ ಅರಣ್ಯ ಇಲಾಖೆಯವರು ಗುಡ್ಡದ ಆಚೆಯ ಜಾಗ ಕೊಡುವುದಿಲ್ಲವೆಂದರು. ಮಣ್ಣು ಸುರಿಯಲು ಉಳಿದದ್ದು ಝರಿಯ ಮಗ್ಗುಲೊಂದೇ. ಮಂಡಳಿ ಸೇರಿತು. ಹೊರಗೆ ಬೂಟು, ಒಳಗೆ ಬರಿಗಾಲು, ಎಂದಿನಂತೆ. ರೋಹನ ಹೊಸ ನಕ್ಷೆ ಹಾಸಿದಾಗ ಸಿದರಾಯರು ಝರಿಯ ಗುರುತಿನ ಮೇಲೆ ಬೆರಳಿಟ್ಟರು.

“ಸಾವಕಾರ್ರ, ನಾ ಭಂಡಾರ ಎತ್ತೇನ್ರಿ” ಎಂದರು.

ಸಾಹುಕಾರರು ಕನ್ನಡಕ ತೆಗೆದು ಒರೆಸಿ, ಬಹಳ ಮೆತ್ತಗೆ, ನೊಂದುಕೊಂಡೇ ಹೇಳಿದರು: “ನೀವು ಎತ್ತೀರಿ, ಸಿದರಾಯ. ಕಂಪನಿ ಎತ್ತಿಲ್ಲ.”

ಅಲ್ಲೇ ಎದ್ದು ಬೂಟು ಮೆಟ್ಟಿಕೊಂಡು ಹೊರಟುಬಿಡಬೇಕಿತ್ತು ಎಂದು ನೀವು ಹೇಳುತ್ತೀರಿ. ನಾನೂ ಹೇಳುತ್ತೇನೆ; ಕುರ್ಚಿಯಲ್ಲಿ ಕೂತು ಹೇಳುವುದಕ್ಕೇನು! ಅವರು ಹೋಗಲಿಲ್ಲ. ಒಳಗಿದ್ದರೆ ಒಂದಿಷ್ಟಾದರೂ ತಡೆಯಬಹುದು, ಮಣ್ಣು ಜಾರದಂತೆ ಗೋಡೆಯನ್ನಾದರೂ ಕಟ್ಟಿಸಬಹುದು, ಹೊರಗೆ ಹೋದರೆ ಅದೂ ಇಲ್ಲ ಎಂದುಕೊಂಡರು. ತುಟಿಪಿಟಕ್ಕೆನ್ನದೆ ಕೂತರು. ಆ ಮೌನವನ್ನೇ ಒಪ್ಪಿಗೆಯೆಂದು ಬರೆದುಕೊಂಡು ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ಗೋಡೆ ಕಟ್ಟಿಸಿದ್ದು ನಿಜ. ಮೊದಲ ಮಳೆಗಾಲದಲ್ಲೇ ಕೆಂಪು ಮಣ್ಣು ಗೋಡೆಯ ಸಮೇತ ಜಾರಿ ಬಂದು ಝರಿಯ ಬಾಯಿ ಮುಚ್ಚಿತು.

ಮಳೆ ನಿಂತ ಮೇಲೆ ಅವರು ಬೀರನಝರಿಗೆ ಹೋದರು. ಮಾತು ತಪ್ಪಿದೆ ಎಂದು ಹೇಳಿಕೊಳ್ಳಬೇಕು, ಕೊಳವೆಬಾವಿ ಕೊರೆಸಿಕೊಡುತ್ತೇವೆಂದೂ ಹೇಳಬೇಕು. ಎರಡರಲ್ಲಿ ಯಾವುದು ಮೊದಲೆಂದು ದಾರಿಯುದ್ದಕ್ಕೂ ತಿಳಿಯಲಿಲ್ಲ. ಕರೆಪ್ಪ ಅವರನ್ನು ಕಂಡು ಗುಡಿಯ ಬಾಗಿಲು ಮುಂದೆ ಮಾಡಿಕೊಂಡ. ಅವರು ತಾಯಿಯ ತಂಗಿ ಫಕೀರವ್ವನ ಮನೆಗೆ ನಡೆದರು. ಚಿಕ್ಕಂದಿನಲ್ಲಿ ಅವರನ್ನು ಎತ್ತಿ ಆಡಿಸಿದ ಕೈ ಅದು. ಹೋದಾಗಲೆಲ್ಲ “ಸಿದ್ದ್ಯಾ, ಬಾರೋ ಒಳಗ” ಎಂದು ಕರೆದು, ಕಂಬಳಿ ಹಾಸಿ, ಬೆಲ್ಲ ನೀರು ಕೊಡುವ ಮುದುಕಿ. ಅಂಗಳದಲ್ಲಿ ಟ್ಯಾಂಕರ್ ನೀರು ತುಂಬಿದ ಪ್ಲಾಸ್ಟಿಕ್ ಡ್ರಮ್ಮು ನಿಂತಿತ್ತು. ಸಿದರಾಯರು ಹೊಸ್ತಿಲ ಹತ್ತಿರ ಬಗ್ಗಿ ಬೂಟಿನ ದಾರಕ್ಕೆ ಕೈ ಹಾಕಿದರು.

“ಬ್ಯಾಡ್ರಿ ಸಾಹೇಬ್ರ, ಬೂಟ ಬಿಚ್ಚಬ್ಯಾಡ್ರಿ” ಎಂದಳು ಫಕೀರವ್ವ.

ಒಳಗಿನಿಂದ ಕುರ್ಚಿಯೊಂದನ್ನು ತಂದು ಅಂಗಳದಲ್ಲಿ ಹಾಕಿದಳು. ಸರ್ವೆಯವರು, ತಹಶೀಲ್ದಾರ ಕಚೇರಿಯವರು ಬಂದಾಗ ಹಾಕುವ ಕುರ್ಚಿ. ಸೆರಗಿನಿಂದ ಒರೆಸಿದಳು ಕೂಡ.

“ಕುಂದರ್ರಿ. ಏನ ಹೇಳೂದೈತಿ, ಹೇಳ್ರಿ.”

“ಚಿಗವ್ವಾ, ನಾ ಸಿದ್ದ್ಯಾ...”

“ಹೌದ್ರಿ. ಗೊತ್ತೈತ್ರಿ.”

ಧ್ವನಿಯಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವಿರಲಿಲ್ಲ. ಪರ ಊರಿನ ದೊಡ್ಡ ಮನುಷ್ಯನೊಡನೆ ಹೇಗೆ ಮಾತಾಡಬೇಕೋ ಹಾಗೆ ಮಾತಾಡಿದಳು. ಬೈದಿದ್ದರೆ ಅವರು ಕಾಲಿಗೆ ಬಿದ್ದು ಅತ್ತುಬಿಡುತ್ತಿದ್ದರು. ಈ ಮರ್ಯಾದೆಯ ಮುಂದೆ ಏನು ಮಾಡುವುದು? ಬೂಟು ಮೆಟ್ಟಿಕೊಂಡೇ ಕುರ್ಚಿಯಲ್ಲಿ ಕೂತರು. “ನಮ್ಮ...” ಎಂದು ಶುರು ಮಾಡಿದರು. ಮುಂದೆ ಯಾವ ಶಬ್ದ ಇಡಬೇಕೆಂದು ಹೊಳೆಯದೆ ಎದ್ದು ಬಂದರು.

ಈಗ ಟಿಳಕವಾಡಿಯ ಆ ಕೋಣೆಯ ಹೊರಗೆ ಬೂಟುಗಳಿಲ್ಲ. ಬೇರೆ ಸದಸ್ಯರ ಹಾಗೆ ಅವರೂ ಟಕಟಕ ಸದ್ದು ಮಾಡುತ್ತಲೇ ಒಳಗೆ ಹೋಗುತ್ತಾರೆ. “ಈಗ ಖರೇ ಡೈರೆಕ್ಟರ್ ಕಂಡಂಗ ಕಾಣ್ತೀರಿ” ಎಂದು ರೋಹನ ಖುಷಿಪಟ್ಟ. ಜಾಲತಾಣಕ್ಕೆ ಹೊಸ ಚಿತ್ರ ತೆಗೆಸಿದ್ದಾರೆ. ಈ ಸಲ ನಾಲ್ವರೂ ಅಡಿಯಿಂದ ಮುಡಿಯವರೆಗೆ ಬಂದಿದ್ದಾರೆ. ಕೊಡೆ ಕಂಕುಳಲ್ಲಿದೆ. ನಡೆಯುವಾಗ ಹಿಂದಿರುಗಿ ನೋಡುವುದನ್ನೂ ಸಿದರಾಯರು ಬಿಟ್ಟಿದ್ದಾರೆ.

ದೊಡ್ಡ ಉದ್ಯಮಗಳಿಗೆಲ್ಲ ಇಂಥವರೊಬ್ಬರು ಬೇಕಾಗುತ್ತಾರೆ. ಅವರ ಜಾಣತನಕ್ಕಾಗಿ ಯಾರೂ ಅವರನ್ನು ಕರೆಯುವುದಿಲ್ಲ. ಅವರ ಅವ್ವ, ಚಿಗವ್ವಂದಿರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ನಂಬಿಕೆ ಅವರ ಬೆನ್ನಿಗೆ ಬರುತ್ತದೆಂದು ಕರೆಯುತ್ತಾರೆ. ಅದು ಮುಗಿದ ಮೇಲೂ ಅವರನ್ನು ಕೆಲಸದಿಂದ ತೆಗೆಯುವುದಿಲ್ಲ, ಕುರ್ಚಿ ಕೊಟ್ಟು ಕೂರಿಸುತ್ತಾರೆ. ಪಾಪಿಗಳೆಂದು ಅವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಎರಡೂ ಕಡೆ ತಮ್ಮದೇ ಮನೆಯೆಂದು ನಂಬಿ ನಡೆದವರು. ಎಲ್ಲಿ ಹೋದರೂ ಅವರಿಗೆ ಕುರ್ಚಿ ಸಿಗುತ್ತದೆ, ಮರ್ಯಾದೆ ಸಿಗುತ್ತದೆ. ಬೂಟು ಬಿಚ್ಚಿ ಒಳಗೆ ಬಾ ಎನ್ನುವ ಮನೆ ಮಾತ್ರ ಈ ಭೂಮಿಯ ಮೇಲೆ ಒಂದೂ ಉಳಿದಿರುವುದಿಲ್ಲ.